ಕೊಲೆಗಾರ ಯಾರೆಂದು ಹೇಳದೆ ಕೈ ತೊಳೆಯುವಂತಿರಲಿಲ್ಲ

ನಮ್ಮ ಮನೆಯಲ್ಲಿ ಸಂಜೆಯ ಊಟಕ್ಕೆ ಕುಳಿತವರು ಕೊಲೆಗಾರ ಯಾರೆಂದು ಹೇಳದೆ ಕೈ ತೊಳೆಯುವಂತಿರಲಿಲ್ಲ. ಬೇರೆಯವರ ಮನೆಗಳಲ್ಲಿ ಆ ಹೊತ್ತಿಗೆ ಮಕ್ಕಳಿಂದ ಮಗ್ಗಿ ಹೇಳಿಸುತ್ತಾರೆ, ದೇವರ ಹಾಡು ಹೇಳಿಸುತ್ತಾರೆ ಎಂಬುದು ನನಗೆ ಶಾಲೆಗೆ ಹೋಗಲು ಶುರುಮಾಡಿದ ಮೇಲೆಯೇ ತಿಳಿದದ್ದು. ಒಮ್ಮೆ ಗೆಳತಿಯ ಮನೆಯಲ್ಲಿ ಉಂಡು ಮುಗಿಸಿದ ಮೇಲೂ ಏಳದೆ ಕುಳಿತೇ ಇದ್ದೆ. ಯಾರೂ ಏನೂ ಕೇಳಲಿಲ್ಲವಲ್ಲ, ಹಾಗಾದರೆ ಏಳುವುದು ಹೇಗೆ ಎಂಬುದು ನನ್ನ ಕಷ್ಟ. ಆಕೆಯ ತಾಯಿ ಹುಡುಗಿಗೆ ಇನ್ನೂ ಹಸಿವು ಎಂದುಕೊಂಡು ಮತ್ತೆರಡು ಸೌಟು ರಸಂ ಬಿಟ್ಟರು. ಅದನ್ನೂ ಕುಡಿದು ಮನೆಗೆ ಬಂದು ಅಮ್ಮನಿಗೆ ಹೇಳಿದರೆ ಅವಳು ನಗಲಿಲ್ಲ. ಪಾಪ, ಅವರ ಮನೆಯಲ್ಲಿ ಊಟ ಹೇಗೆ ಇಳಿಯುತ್ತದೋ ಎಂದು ಮರುಗಿದಳು.

ತಮಿಳು ಓದುವವರಿಗೆ ನನ್ನ ಅಮ್ಮ ನಾಗಮಣಿಯನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಬಸ್ ನಿಲ್ದಾಣದ ಅಂಗಡಿಗಳಲ್ಲಿ ಬಾಳೆಗೊನೆಯ ಪಕ್ಕ ದಾರಕ್ಕೆ ನೇತುಹಾಕಿರುತ್ತಿದ್ದ ತೆಳ್ಳನೆಯ ಪತ್ತೇದಾರಿ ಕಾದಂಬರಿಗಳಲ್ಲಿ ಅವಳ ಹೆಸರಿನವು ಮೊದಲು ಖಾಲಿಯಾಗುತ್ತಿದ್ದವು. ಪೊಳ್ಳಾಚಿಯಿಂದ ಹಳ್ಳಿಗೆ ಹೋಗುವ ಬಸ್ಸಿನಲ್ಲಿ ಇಳಿಯಬೇಕಾದ ಊರನ್ನು ಮರೆತು ಅವಳ ಪುಸ್ತಕದಲ್ಲಿ ಮುಳುಗಿದವರನ್ನು ನಾನೇ ಕಂಡಿದ್ದೇನೆ. ಕಂಡಕ್ಟರು ಬೈಯುವ ಬದಲು ಕೊನೆಯ ಪುಟ ನೋಡಬೇಡಿ ಎಂದು ಎಚ್ಚರಿಸಿದ್ದನ್ನೂ ಕೇಳಿದ್ದೇನೆ. ಈಗ ಅವಳ ಕಾದಂಬರಿಗಳ ಮೇಲೆ ಕಾಲೇಜು ಹುಡುಗಿಯರು ಪ್ರಬಂಧ ಬರೆಯುತ್ತಾರೆ, ಮನೆಗೆ ಬಂದು ಅವಳ ಮೇಜಿನ ಫೋಟೋ ತೆಗೆದುಕೊಳ್ಳುತ್ತಾರೆ. ಅವರಿಗೆ ನಾನು ಒಂದೇ ಮಾತು ಹೇಳುವುದು: ನೀವು ಫೋಟೋ ತೆಗೆಯಬೇಕಾದದ್ದು ಮೇಜನ್ನಲ್ಲ, ಅಡುಗೆಮನೆಯ ಹಿಂದಿನ ಮೋಟುಗೋಡೆಯನ್ನು. ಅವರು ನಕ್ಕು ಮೇಜಿನ ಫೋಟೋವನ್ನೇ ತೆಗೆಯುತ್ತಾರೆ. ಆ ಗೋಡೆಯ ಕತೆಯನ್ನೇ ಇಲ್ಲಿ ಹೇಳುತ್ತಿದ್ದೇನೆ.

ಕೊಯಮತ್ತೂರಿನಲ್ಲಿ ನಮ್ಮ ಬೀದಿಯ ತುಂಬ ಪಂಪುಸೆಟ್ಟಿನ ವರ್ಕ್‌ಶಾಪುಗಳು. ಮುಂದಿನ ಕೋಣೆ ಅಪ್ಪನ ರಿಪೇರಿ ಅಂಗಡಿ; ಬಾಗಿಲ ಬಳಿ ಬಿಚ್ಚಿಟ್ಟ ಮೋಟಾರುಗಳು, ತಾಮ್ರದ ತಂತಿಯ ಸುರುಳಿಗಳು, ಅವುಗಳ ನಡುವೆ ಚಪ್ಪಲಿ ಬಿಡಲು ಅಂಗೈಯಗಲದ ಜಾಗ. ಅದನ್ನು ದಾಟಿದರೆ ನಡುಮನೆ. ಅಲ್ಲಿ ನಾವು ಉಣ್ಣುತ್ತಿದ್ದೆವು, ಮಲಗುತ್ತಿದ್ದೆವು, ಜಗಳವಾಡುತ್ತಿದ್ದೆವು. ಅದರ ಹಿಂದೆ ಅಡುಗೆಮನೆ, ಅದರಾಚೆ ಹಿತ್ತಿಲು, ಹಿತ್ತಿಲಿನ ಕೊನೆಗೆ ಆಗಿನ ನನ್ನ ಎದೆಮಟ್ಟಕ್ಕೆ ಬರುತ್ತಿದ್ದ ಆ ಮೋಟುಗೋಡೆ. ದಿನವಿಡೀ ಯಾವುದಾದರೊಂದು ಮೋಟಾರು ಗುಂಯ್ ಎನ್ನುತ್ತಲೇ ಇರುತ್ತಿದ್ದುದರಿಂದ ನಮ್ಮ ಮನೆಯವರ ದನಿ ಸ್ವಲ್ಪ ದೊಡ್ಡದು. ಮದುವೆ ಮನೆಗಳಲ್ಲಿ ನಾವು ಗುಟ್ಟು ಮಾತಾಡಿದರೂ ಊರಿಗೆಲ್ಲ ಕೇಳಿಸುತ್ತಿತ್ತು. ಹೊಸ್ತಿಲು ದಾಟಿದರೆ ತಮಿಳು, ಒಳಗೆ ಕನ್ನಡ. ನಮ್ಮ ಕನ್ನಡ ಮೈಸೂರಿನವರಿಗೆ ಅರ್ಧ ತಮಿಳಿನಂತೆ ಕೇಳುತ್ತದೆ, ಪಕ್ಕದ ಮನೆಯವರಿಗೆ ಪೂರ್ತಿ ಕನ್ನಡದಂತೆ. ಅದನ್ನು ಓದಲು ಬರೆಯಲು ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ. ಅಮ್ಮನೂ ಅಷ್ಟೇ. ಕತೆ ಹುಟ್ಟುತ್ತಿದ್ದುದು ಊಟದ ಹೊತ್ತಿಗೆ, ಕನ್ನಡದಲ್ಲಿ. ಕಾಗದಕ್ಕೆ ಇಳಿಯುತ್ತಿದ್ದುದು ಮರುದಿನ ಮಧ್ಯಾಹ್ನ, ತಮಿಳಿನಲ್ಲಿ, ಅಕ್ಕಿಯ ಡ್ರಮ್ಮಿನ ಮುಚ್ಚಳದ ಮೇಲೆ. ಯಾರಾದರೂ ಅಕ್ಕಿ ಕೇಳಿದರೆ ಕೊಲೆ ಅರ್ಧಕ್ಕೆ ನಿಲ್ಲುತ್ತಿತ್ತು.

ಊಟದ ಸಾಲಿನಲ್ಲಿ ನಾವು ಐವರು. ಅಪ್ಪ ಪ್ರತಿ ಕತೆಯಲ್ಲೂ ಡಾಕ್ಟರ ಮೇಲೆ ಅನುಮಾನ ಪಡುತ್ತಿದ್ದ. ಕತೆಯಲ್ಲಿ ಡಾಕ್ಟರೇ ಇಲ್ಲದಿದ್ದರೆ ಕಂಪೌಂಡರ್ ಮೇಲೆ. ಅಪ್ಪನ ತಮ್ಮ, ನನ್ನ ಚಿಕ್ಕಪ್ಪ, ಪೋಲೀಸ್ ಇನ್ಸ್‌ಪೆಕ್ಟರೇ ಕೊಲೆಗಾರ ಎನ್ನುತ್ತಿದ್ದ. ಅವನ ಸೈಕಲ್ಲನ್ನು ಒಮ್ಮೆ ಠಾಣೆಯಲ್ಲಿ ಇಟ್ಟುಕೊಂಡಿದ್ದ ಸಿಟ್ಟು ಅದು. ನಾನು ನನಗೆ ಇಷ್ಟವಾಗದವರ ಹೆಸರು ಹೇಳುತ್ತಿದ್ದೆ. ಅಮ್ಮ ಬಡಿಸುತ್ತಾ ಕತೆ ಹೇಳುವವಳು. ಬಡಿಸುವ ಕೈ ನಿಂತಿತೆಂದರೆ ಯಾರೋ ಸತ್ತರೆಂದು ಅರ್ಥ. ನ್ಯಾಯಾಧೀಶರ ಜಾಗದಲ್ಲಿ, ಗೋಡೆಗೆ ಒರಗಿ, ಕಾಲು ಚಾಚಿ ಕುಳಿತಿರುತ್ತಿದ್ದವಳು ಅಜ್ಜಿ, ಅಪ್ಪನ ತಾಯಿ. ಕುನ್ನತ್ತೂರಿನ ಕಡೆ ಹೊಲಮನೆಯಲ್ಲಿ ಆಳುಕಾಳುಗಳನ್ನು ಆಳಿದವಳು, ಮಕ್ಕಳ ಹಿಂದೆ ಪೇಟೆಗೆ ಬಂದು ಈ ಮೂರು ಕೋಣೆಗಳನ್ನೂ ಅದೇ ಗತ್ತಿನಲ್ಲಿ ಆಳುತ್ತಿದ್ದಳು. ಅವಳು ಕೊನೆಯಲ್ಲಿ ಹೆಸರು ಹೇಳುತ್ತಿದ್ದಳು. ಅವಳು ಹೇಳಿದ ಹೆಸರು ಒಮ್ಮೆಯೂ ತಪ್ಪಾದದ್ದಿಲ್ಲ.

ಅಜ್ಜಿಗೆ ಪಿಸ್ತೂಲು, ಬೆರಳಚ್ಚು, ಬಂಗಲೆ ಇವೆಲ್ಲ ಬೇಕಿರಲಿಲ್ಲ. ಯಾರು ಏನು ತಿಂದರು, ಯಾರು ಬಡಿಸಿದರು, ಯಾರು ಎಲೆ ಎತ್ತಿದರು ಎಂದಷ್ಟೇ ಕೇಳುತ್ತಿದ್ದಳು. ಅಮ್ಮ ಒಮ್ಮೆ ಮೆಟ್ಟುಪಾಳ್ಯಂನಿಂದ ಬೆಟ್ಟ ಹತ್ತುವ ರೈಲಿನಲ್ಲಿ ಒಂದು ಕೊಲೆ ಮಾಡಿಸಿದಳು. ನಾವು ಆ ರೈಲನ್ನು ನೋಡಿದ್ದು ಮೆಟ್ಟುಪಾಳ್ಯಂ ಪ್ಲಾಟ್‌ಫಾರ್ಮಿನಿಂದ ಮಾತ್ರ. ಅಪ್ಪ ಅಲ್ಲಿನ ಅಡಿಕೆ ತೋಟದವರ ಮೋಟಾರು ರಿಪೇರಿಗೆ ಹೋದಾಗ ನಮ್ಮನ್ನೂ ಕರೆದೊಯ್ದಿದ್ದ. ಆದರೂ ಅಮ್ಮನ ಕತೆಯಲ್ಲಿ ಸುರಂಗ, ಕತ್ತಲೆ, ಕಿರುಚಾಟ ಎಲ್ಲ ಇತ್ತು. ನನ್ನ ಬಾಯಿಗೆ ಹೋಗಬೇಕಾದ ತುತ್ತು ದಾರಿಯಲ್ಲೇ ನಿಂತಿತ್ತು. ಎಲ್ಲ ಕೇಳಿದ ಅಜ್ಜಿ, ಬೋಗಿಯಲ್ಲಿದ್ದವರು ದಾರಿಗೆ ತಿನ್ನಲು ಏನೇನು ತಂದಿದ್ದರು ಎಂದಳು. ಅಮ್ಮ ನೆನಪು ಮಾಡಿಕೊಂಡು ಹೇಳಿದಳು: ಆ ಹೆಂಗಸು ಪುಳಿಯೋಗರೆ, ಗಂಡಹೆಂಡತಿ ಇಡ್ಲಿ, ಮುದುಕರು ಬಾಳೆಹಣ್ಣು. ಆ ಕನ್ನಡಕದವನು ಎಂದು ಅಜ್ಜಿ ಕೇಳಿದಳು. ಅವನು ಏನೂ ತಂದಿರಲಿಲ್ಲ. ಅಜ್ಜಿ ತಟ್ಟೆಯಲ್ಲೇ ಕೈ ತೊಳೆದಳು. ಊಟದ ಹೊತ್ತಿಗಿಂತ ಮುಂಚೆ ಇಳಿದುಬಿಡುತ್ತೇನೆ ಎಂದು ಗೊತ್ತಿದ್ದವನು ಅವನೊಬ್ಬನೇ, ಅವನನ್ನು ಹಿಡಿಯಿರಿ ಎಂದಳು. ಅಮ್ಮನ ಮುಖ ಸಣ್ಣದಾಯಿತು. ಅಜ್ಜಿ ಕಂಡುಹಿಡಿದ ಕತೆಯನ್ನು ಅಮ್ಮ ಪತ್ರಿಕೆಗೆ ಹಾಗೆಯೇ ಕಳಿಸುತ್ತಿರಲಿಲ್ಲ. ಮರುದಿನ ಕೂತು ಕನ್ನಡಕದವನ ಕೈಗೆ ಒಂದು ಟಿಫಿನ್ ಡಬ್ಬಿ ಕೊಟ್ಟಳು. ಆ ಡಬ್ಬಿ ಖಾಲಿಯಿತ್ತು ಎಂಬುದು ಕೊನೆಯ ಪುಟದಲ್ಲಿ ಗೊತ್ತಾಗುವ ಆ ಕತೆಯನ್ನು ಜನ ಮೆಚ್ಚಿಕೊಂಡರು. ಮೆಚ್ಚುಗೆಯ ಅರ್ಧ ಪಾಲು ಗೋಡೆಗೆ ಒರಗಿ ಕುಳಿತವಳದ್ದು ಎಂದು ನಮಗೆ ಮಾತ್ರ ಗೊತ್ತಿತ್ತು.

ಹೀಗಿರುವಾಗ ಮದರಾಸಿನ ಪ್ರಕಾಶಕರೊಬ್ಬರು, ಅಲ್ಲೊಂದು ಇಲ್ಲೊಂದು ಕತೆ ಬೇಡ, ತಿಂಗಳಿಗೊಂದು ಪೂರ್ತಿ ಕಾದಂಬರಿ ಕೊಡಬಹುದೇ ಎಂದು ಅಮ್ಮನನ್ನು ಕೇಳಿದರು. ಆ ದಿನ ಅವಳು ಒಗೆದ ಬಟ್ಟೆಯನ್ನೇ ಮತ್ತೆ ಒಗೆದಳು. ಆಸೆ ಬೆಟ್ಟದಷ್ಟಿತ್ತು, ಹೊತ್ತು ಎಲ್ಲಿತ್ತು? ಬೆಳಕು ಹರಿಯುವ ಮೊದಲು ಎದ್ದು ಐವರಿಗೆ, ಅಂಗಡಿಯ ಕೆಲಸದವರಿಗೆ, ಬಂದುಹೋಗುವ ರೈತರಿಗೆ ಅಡುಗೆ. ಪಾತ್ರೆ, ಬಟ್ಟೆ, ರುಬ್ಬುವುದು. ಉಳಿದ ಮಧ್ಯಾಹ್ನದ ಒಂದು ಚೂರಿನಲ್ಲಿ ಡ್ರಮ್ಮಿನ ಮುಚ್ಚಳ. ಮಧ್ಯಾಹ್ನಕ್ಕೆ ತಲೆಯೊಳಗೆ ಬರೀ ಹೊಗೆ ಉಳಿದಿರುತ್ತದೆ ಎಂದು ಅವಳೇ ಹೇಳುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಬೆಳಗಿನ ಹೊತ್ತು. ಅಪ್ಪನನ್ನು ಕೇಳಿದಳು. ಅಪ್ಪ ಮೋಟಾರಿನೊಳಗೆ ತಲೆ ತೂರಿಸಿಕೊಂಡು, ಅವ್ವನನ್ನು ಕೇಳು ಎಂದ. ಅವನು ಹೆದರುಪುಕ್ಕಲ ಅಲ್ಲ, ನಮ್ಮ ಮನೆಯಲ್ಲಿ ಅದೇ ಸರಿಯಾದ ದಾರಿಯಾಗಿತ್ತು. ಬೆಳಗಿನ ಅಡುಗೆಮನೆ ಯಾರದೆಂದು ಹೇಳುವ ಅಧಿಕಾರ ಅಜ್ಜಿಯದು. ಸೊಸೆ ಬಂದ ದಿನ ಒಲೆಯನ್ನು ಅವಳ ಕೈಗೆ ಕೊಟ್ಟು ಅಜ್ಜಿ ಹೊರಗೆ ಬಂದಿದ್ದಳು. ಆಮೇಲೆ ಅಜ್ಜಿಗೆ ಅಡುಗೆಮನೆಯಲ್ಲಿ ಉಳಿದಿದ್ದ ಒಂದೇ ಕೆಲಸ, ಅನ್ನ, ಅವಳ ಮಾತಿನಲ್ಲಿ ಸೋರು, ಆದ ಕೂಡಲೇ ಮೊದಲ ಹಿಡಿಯನ್ನು ಕಾಗೆಗೆ ಇಡುವುದು.

ಅಮ್ಮ ಊಟದ ಸಾಲಿನಲ್ಲೇ ಕೇಳಿದಳು. ನಾನೂ ಚಿಕ್ಕಪ್ಪನೂ ತಟ್ಟೆ ನೋಡುತ್ತಾ ಕುಳಿತೆವು. ಅಜ್ಜಿ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆವು, ಆಗಲಿಲ್ಲ. ಅವಳು ಹೇಳಿದ ಮಾತು ಇದು:

“ನೀ ಯೋಳ್ದ ಕತೇಲೆಲ್ಲ ಯಾರು ಕೊಂದೋರು ಅಂತ ನಾ ಕಂಡುಹಿಡ್ದಿವ್ನಿ. ಮೂಲೇಲಿ ಕುಂತ ಮುದುಕಿಗೇ ಗೊತ್ತಾಗ ಕತೇನ ಬಸ್‌ಸ್ಟ್ಯಾಂಡ್ನಾಗೆ ಕಾಸು ಕೊಟ್ಟು ಯಾವನು ವಾಂಗ್ತಾನೆ? ನನಗೆ ಗೊತ್ತಾಗದಂಗೆ ಒಂದು ಕತೆ ಯೋಳು. ಯೋಳ್ದೆ ಅಂದ್ರೆ ನಾಳಿಂದ ಬೆಳಿಗ್ಗೆ ಒಲೆ ನಂದು. ನಾ ಕಂಡುಹಿಡ್ದೆ ಅಂದ್ರೆ ಇನ್ನ ಈ ಪೇಚ್ಚೇ ಎತ್ತಬೇಡ.”

“ಒಂದೇ ಕತೆಯಾಂಗ ಅತ್ತೆ?” ಎಂದಳು ಅಮ್ಮ. ಈ ‘ಅಂಗ’ ನಮ್ಮ ಕಡೆಯ ಮರ್ಯಾದೆ. ತಮಿಳಿನಿಂದ ಬಂದು ನಮ್ಮ ಕನ್ನಡದ ಬಾಲಕ್ಕೆ ಅಂಟಿಕೊಂಡಿದೆ.

“ಒಂದೇ.”

ಆಷಾಢದ ಆಡಿ ಮಾಸ ಶುರುವಾಗಿತ್ತು; ಪಾಲಕ್ಕಾಡಿನ ಕಡೆಯಿಂದ ಗಾಳಿ ಬೀಸಿ ಹಿತ್ತಿಲಿನ ಬಟ್ಟೆಗಳೆಲ್ಲ ಪಕ್ಕದ ಮನೆಗೆ ಹೋಗಿ ಬೀಳುತ್ತಿದ್ದವು. ಅಮ್ಮ ಕತೆ ಹೇಳುವುದನ್ನು ನಿಲ್ಲಿಸಿಬಿಟ್ಟಳು. ನಮ್ಮ ಊಟ ಸಪ್ಪೆಯಾಯಿತು. ಚಿಕ್ಕಪ್ಪ ಬೇಸರಕ್ಕೆ ಅಪ್ಪನ ಜೊತೆ ಸಣ್ಣಪುಟ್ಟದಕ್ಕೆಲ್ಲ ಜಗಳ ತೆಗೆದ. ಅಮ್ಮ ಹುಳಿಗೆ ಎರಡು ಸಲ ಉಪ್ಪು ಹಾಕಿದಳು, ಒಮ್ಮೆ ಹಾಕುವುದನ್ನೇ ಮರೆತಳು. ಅಜ್ಜಿ ಅದನ್ನು ರುಚಿ ನೋಡಿ ಗೆದ್ದವಳಂತೆ ಮೀಸೆಯಿಲ್ಲದ ತುಟಿಯ ಮೇಲೆ ಬೆರಳಾಡಿಸಿದಳು. ಅಜ್ಜಿಯ ಮಡಿಲಲ್ಲಿ ಬೆಳೆದವಳು ನಾನು, ಆದರೂ ಆ ದಿನಗಳಲ್ಲಿ ಅಮ್ಮ ಗೆಲ್ಲಲಿ ಎಂದು ಪಿಳ್ಳಾರಿ ಗಣಪನಿಗೆ ದಿನಾ ತೋಪುಕರಣ ಹಾಕುತ್ತಿದ್ದೆ, ಕಿವಿ ಹಿಡಿದು ಕುಕ್ಕರಿಸಿ ಏಳುವ ಹರಕೆ. ಒಂದು ಬೆಳಿಗ್ಗೆ ನೋಡುತ್ತೇನೆ, ಅಮ್ಮ ಅಡುಗೆಮನೆಯ ಕಿಟಕಿಯ ಸರಳು ಹಿಡಿದು ನಿಂತಿದ್ದಾಳೆ. ಹೊರಗೆ ಅಜ್ಜಿ ಮೋಟುಗೋಡೆಯ ಮೇಲೆ ಹೊಗೆಯಾಡುವ ಅನ್ನ ಇಟ್ಟು, ಯಾರನ್ನೋ ಒಳಗೆ ಕರೆಯುವ ದನಿಯಲ್ಲಿ ಕಾಕಾ ಎಂದು ಕೂಗುತ್ತಿದ್ದಾಳೆ. ಕಾಗೆ ಬಂತು, ಅನ್ನದ ಪಕ್ಕ ಅತ್ತಿತ್ತ ಕುಪ್ಪಳಿಸಿತು, ತಿನ್ನದೆ ಕಾಯಿತು. ಅಮ್ಮ ಅದನ್ನು ನೋಡಿದ ರೀತಿಯಲ್ಲಿ ಅವಳು ನನ್ನ ಪರೀಕ್ಷೆಯ ಅಂಕಗಳನ್ನೂ ನೋಡಿದ್ದಿಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಹರಿಯಿತು.

ಆ ಸಂಜೆ ಕತೆ ಶುರುವಾಯಿತು. ಊಟಿಯ ಬಂಗಲೆ ಇಲ್ಲ, ರೈಲಿಲ್ಲ, ಪಿಸ್ತೂಲಿಲ್ಲ. ಕುನ್ನತ್ತೂರಿನ ಕಡೆಯ ಒಂದು ಹೊಲಮನೆ. ಅಜ್ಜಿ ನೆಟ್ಟಗೆ ಕುಳಿತಳು. ಆ ಮನೆಗೆ ಒಬ್ಬ ಮುದುಕಿ ಯಜಮಾನಿ. ಅವಳ ಹಿರಿಯ ಮಗಳು ಗಂಡನ ಮನೆಯಲ್ಲಿ ಏಟು ತಿಂದು ತಿಂದು ಸತ್ತಿದ್ದಾಳೆ. ಬಾವಿಗೆ ಜಾರಿ ಬಿದ್ದಳು ಎಂದು ಊರು ನಂಬಿದೆ. ಈಗ ಅದೇ ಅಳಿಯ ಎರಡನೆಯ ಮಗಳನ್ನು ಕೇಳಲು ಬಂದಿದ್ದಾನೆ. ಗಂಡಸರು ಒಪ್ಪಿಬಿಟ್ಟಿದ್ದಾರೆ. ಬೆಳಿಗ್ಗೆ ಮುದುಕಿ ತಾನೇ ಅನ್ನ ಬಸಿದು, ಮೊದಲ ಹಿಡಿಯನ್ನು ಗೋಡೆಯ ಮೇಲೆ ಕಾಗೆಗೆ ಇಟ್ಟು, ಎಲ್ಲರಿಗೂ ಕಾಣುವಂತೆ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಾ ಕುಳಿತಳು. ಕಾಗೆ ಬಂದ ಕೂಡಲೇ ಅನ್ನ ತಿಂದು ಹಾರಿಹೋಯಿತು. ಆಮೇಲೆ ಅಡುಗೆಮನೆಗೆ ಹೋದವರು ಮೂವರು: ಕೋಪಿಷ್ಠ ಮಗ, ವಿಧವೆ ನಾದಿನಿ, ಮಜ್ಜಿಗೆ ಕೇಳಲು ಬಂದ ಪಕ್ಕದ ಹೊಲದವಳು. ಅತಿಥಿಗೆ ಮೊದಲು ಬಡಿಸಿದರು, ಒಬ್ಬನಿಗೇ. ಅವನು ಎಲೆಯ ಮೇಲೆಯೇ ಉರುಳಿದ. ಪಾತ್ರೆಯ ಅನ್ನವೆಲ್ಲ ವಿಷ. ಕಾಗೆ ಮಾತ್ರ ಎದುರಿನ ತೆಂಗಿನ ಮರದಲ್ಲಿ ಆರಾಮಾಗಿ ಕೂಗುತ್ತಿದೆ. ಹಾಗಾದರೆ ಕಾಗೆ ತಿಂದ ಮೇಲೆ, ಅತಿಥಿ ಉಣ್ಣುವ ಮೊದಲು ವಿಷ ಬೆರೆಸಿದವರು ಯಾರು?

ವಾರವಿಡೀ ಕತೆ ನಡೆಯಿತು. ಅಪ್ಪ ಡಾಕ್ಟರು ಸಿಗದೆ ಒದ್ದಾಡಿ, ಕೊನೆಗೆ ಊರಿನ ದನದ ಡಾಕ್ಟರೊಬ್ಬರನ್ನು ತಾನೇ ಕತೆಯೊಳಗೆ ಸೇರಿಸಲು ನೋಡಿದ. ಅಜ್ಜಿ ಅವನನ್ನು ಗದರಿಸಿ ಪ್ರಶ್ನೆ ಕೇಳುತ್ತಾ ಹೋದಳು. ನಾದಿನಿ ಯಾವ ಕೈಯಲ್ಲಿ ಸೌಟು ಹಿಡಿದಿದ್ದಳು, ಪಕ್ಕದವಳು ತಂದ ಪಾತ್ರೆ ಎಷ್ಟು ದೊಡ್ಡದು, ಮಗ ಒಳಗೆ ಹೋದವನು ನೀರು ಕುಡಿದನೋ ಇಲ್ಲವೋ. ಮಕ್ಕಳು ಯಾರಾದರೂ ಆ ಅನ್ನಕ್ಕೆ ಕೈ ಹಾಕಿದ್ದರೆ ಎಂದು ಕೇಳಿದಳು. ಮಕ್ಕಳನ್ನು ಬೆಳಿಗ್ಗೆಯೇ ಮಾವನ ಊರಿಗೆ ಕಳಿಸಿದ್ದರು ಎಂದಳು ಅಮ್ಮ. ಯಾರು ಕಳಿಸಿದ್ದು ಎಂದು ಅಜ್ಜಿ ಕೇಳಲಿಲ್ಲ. ಕೇಳಬೇಕಿತ್ತು, ಕೇಳಲಿಲ್ಲ. ಹಗಲೂ ಅವಳಿಗೆ ಅದೇ ಧ್ಯಾನ. ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ಹಚ್ಚುತ್ತಾ ನಿಂತುಬಿಡುತ್ತಿದ್ದಳು. ಕೊನೆಯ ಸಂಜೆ ಮೋಟಾರುಗಳೆಲ್ಲ ನಿಂತಿದ್ದವು. ನಾವೆಲ್ಲ ನಮ್ಮ ನಮ್ಮ ಹೆಸರು ಹೇಳಿ ಸೋತಾಯಿತು. ಅಜ್ಜಿ, ವಿಧವೆ ನಾದಿನಿ ಎಂದಳು. ಅಮ್ಮ ಅಲ್ಲ ಎಂದು ತಲೆಯಾಡಿಸಿದಳು. ನನ್ನ ಜೀವಮಾನದಲ್ಲಿ ಮೊದಲ ಸಲ ಅಜ್ಜಿಯ ಹೆಸರು ತಪ್ಪಿತ್ತು. ಮಜ್ಜಿಗೆಯವಳು? ಅಲ್ಲ. ಮಗ? ಅವನೂ ಅಲ್ಲ. ಅಜ್ಜಿಯ ಕೈಯಲ್ಲಿ ಅನ್ನ ಒಣಗುತ್ತಿತ್ತು.

“ಇನ್ನ ಯಾರವ್ರೆ? ಮುದುಕಿ ಒಬ್ಳೇ ತಾನೆ ಮಿಕ್ಕಿರೋಳು.”

“ಆಮಾಂಗ ಅತ್ತೆ. ಅವಳೇ.”

ಚಿಕ್ಕಪ್ಪ ಕುಡಿಯುತ್ತಿದ್ದ ನೀರು ನೆತ್ತಿಗೇರಿತು. ಸೊಸೆ ಅತ್ತೆಯ ಎದುರಿಗೆ, ಅತ್ತೆಯ ಊರಿನ, ಅತ್ತೆಯಂಥವಳೇ ಆದ ಮುದುಕಿಯನ್ನು ಕೊಲೆಗಾತಿ ಮಾಡಿ ನಿಲ್ಲಿಸಿದ್ದಳು. ಅಪ್ಪ ಎದ್ದುಹೋಗಲು ದಾರಿ ಹುಡುಕುವವನಂತೆ ಬಾಗಿಲು ನೋಡಿದ. ಅಜ್ಜಿಗೆ ಅದೆಲ್ಲ ಗಮನಕ್ಕೇ ಬಂದಿರಲಿಲ್ಲ. ಅವಳು ಕತೆಯೊಳಗಿನ ಆ ಹಿತ್ತಿಲಿಗೇ ಹೋಗಿಬಿಟ್ಟಿದ್ದಳು.

“ಅದೆಂಗೆ? ಕಾಗೆ ಬದುಕೈತೆ. ಅದೇ ಸೋರು ತಾನೆ ಅದೂ ತಿಂದಿದ್ದು. ಕಾಗೆ ಬಂತು, ತಿಂತು, ಹೋಯ್ತು ಅಂತ ನೀನೇ...” ಅಜ್ಜಿಯ ಕಣ್ಣು ಹಿತ್ತಿಲ ಕಡೆ ತಿರುಗಿತು. ಬಹಳ ಮೆಲ್ಲಗೆ ಹೇಳಿದಳು:

“ಬಂದ ಕೂಡ್ಲೇ ತಿಂತು ಅಂದೆ. ಸುಡೋ ಸೋರು ಕಾಗೆ ಕೂಡ್ಲೇ ತಿನ್ನಲ್ಲ. ಆರೋಗಂಟ ಕಾಯ್ತದೆ.”

“ಆಮಾಂಗ.”

“ಅವಳು ಇಕ್ಕಿದ್ದು ರಾತ್ರಿ ನೀರಾಗೆ ನೆನೆಸಿಟ್ಟ ಹಳೇ ಸೋರು.”

ಅಮ್ಮ ನಗುತ್ತಾ ಹೌದೆಂದು ತಲೆಯಾಡಿಸಿದಳು. ವಿಷ ಬೆರೆತದ್ದು ಕಾಗೆಗೆ ಇಡುವ ಮೊದಲೇ. ಬಿಸಿ ಅನ್ನದಲ್ಲಿ ವಿಷವಿದೆ ಎಂದು ಗೊತ್ತಿದ್ದವಳು ಕಾಗೆಯನ್ನು ಉಳಿಸಲು, ಜೊತೆಗೆ ತನ್ನನ್ನೂ ಉಳಿಸಿಕೊಳ್ಳಲು, ತಂಗಳನ್ನ ಹಿಂಡಿ ಇಟ್ಟಿದ್ದಳು. ಇದು ಓದುವವರಿಗೆ ಸಣ್ಣ ವಿಷಯ ಅನ್ನಿಸಬಹುದು. ನಮ್ಮ ಮನೆಯಲ್ಲಿ ಕಾಗೆ ಎಂದರೆ ಹಕ್ಕಿಯಲ್ಲ, ಸತ್ತ ಹಿರಿಯರು. ಹೊಟ್ಟೆಗಿಲ್ಲದ ದಿನವೂ ಅವರಿಗೆ ಇಡುವ ಹಿಡಿ ಅನ್ನ ಹೊಸದೇ ಆಗಿರಬೇಕು, ಬಿಸಿಯೇ ಆಗಿರಬೇಕು. ಹಿರಿಯ ಹೆಂಗಸೊಬ್ಬಳು ಹಿರಿಯರಿಗೆ ತಂಗಳು ಬಡಿಸಿಯಾಳು ಎಂಬ ಯೋಚನೆ ಅಜ್ಜಿಯ ತಲೆಯೊಳಗೆ ಬರಲು ದಾರಿಯೇ ಇರಲಿಲ್ಲ. ಆಸ್ತಿಗೆ ಕೊಲ್ಲುವವರನ್ನು, ಹೊಟ್ಟೆಕಿಚ್ಚಿಗೆ ಕೊಲ್ಲುವವರನ್ನು ಕೂತಲ್ಲೇ ಹಿಡಿಯುತ್ತಿದ್ದವಳು ಕಾಗೆಯ ಸಾಕ್ಷಿಯನ್ನು ಮಾತ್ರ ಪ್ರಶ್ನಿಸದೆ ಒಪ್ಪಿಕೊಂಡಿದ್ದಳು. ಅಮ್ಮ ಕಿಟಕಿಯ ಸರಳು ಹಿಡಿದು ಕಂಡುಕೊಂಡದ್ದು ಅದನ್ನೇ: ಎಷ್ಟೇ ಜಾಣರಾದರೂ ತಾವು ಕೈ ಮುಗಿಯುವ ಜಾಗದಲ್ಲಿ ಹುಡುಕುವುದಿಲ್ಲ.

“ಕಾಗೆಗೆ ಹಳೇ ಸೋರು ಇಕ್ಕಿದ್ಳಾ, ಪಾವಿ,” ಎಂದು ಅಜ್ಜಿ ಒಂದೆರಡು ಸಲ ತನಗೆ ತಾನೇ ಹೇಳಿಕೊಂಡಳು. ಆಮೇಲೆ ಕೇಳಿದ ಪ್ರಶ್ನೆಯನ್ನು ನಾವು ಯಾರೂ ನಿರೀಕ್ಷಿಸಿರಲಿಲ್ಲ. ಪೋಲೀಸರು ಅವಳನ್ನು ಹಿಡಿದರೇ? ಅಮ್ಮ, ಹಿಡಿಯಬೇಕಲ್ಲ, ಇನ್ಸ್‌ಪೆಕ್ಟರ್ ಗೋಡೆಯ ಮೇಲೆ ತಂಗಳಿನ ನೀರು ಇಳಿದ ಕಲೆ ನೋಡುತ್ತಾನೆ ಎಂದಳು.

“ಹಿಡಿಸ್ಬೇಡ,” ಎಂದಳು ಅಜ್ಜಿ. “ಯಾರ್ಗೂ ಗೊತ್ತಾಗ್ದಂಗೆ ಬುಡು. ಎರಡನೇ ಮಗ್ಳು ಉಳ್ಕೊಂಡ್ಳಲ್ಲ. ಹಿಡಿಸ್ಬೇಡ ನಾಗಮಣಿ.”

ಅಮ್ಮ ಹಿಡಿಸಲಿಲ್ಲ. ಅಚ್ಚಾದ ಕಾದಂಬರಿಯ ಕೊನೆಯಲ್ಲಿ ಇನ್ಸ್‌ಪೆಕ್ಟರ್ ಗೋಡೆಯ ಮೇಲಿನ ಕಲೆಯನ್ನು ಅಂಗೈಯಿಂದ ಒರೆಸುತ್ತಾನೆ. ಮುದುಕಿ ಮಜ್ಜಿಗೆ ತಂದುಕೊಡುತ್ತಾಳೆ. ಅವನು ಒಂದು ಗಳಿಗೆ ಲೋಟವನ್ನು ನೋಡಿ, ಗಟಗಟ ಕುಡಿದು, ನಮಸ್ಕಾರ ಹೇಳಿ ಹೊರಡುತ್ತಾನೆ. ಆ ಮಜ್ಜಿಗೆಯ ಬಗ್ಗೆ ಇವತ್ತಿಗೂ ಓದುಗರು ಅಮ್ಮನನ್ನು ಕೇಳುತ್ತಾರೆ. ಇನ್ಸ್‌ಪೆಕ್ಟರ್ ಒಳ್ಳೆಯವನಾಗಿ ಬಂದನಲ್ಲ ಎಂಬ ಕೊರಗು ಚಿಕ್ಕಪ್ಪನಿಗೆ ಕಡೆಯವರೆಗೂ ಇತ್ತು.

ಆದರೆ ನಾನು ಕಣ್ಣಾರೆ ಕಂಡ ಗೆಲುವು ಮರುದಿನ ಬೆಳಗಿನದು. ಅಮ್ಮ ಎಂದಿನಂತೆ ಎದ್ದು, ಕೂದಲು ಸುತ್ತಿ ಗಂಟು ಹಾಕಿಕೊಂಡು, ಕತ್ತಲಲ್ಲೇ ಅಡುಗೆಮನೆಯ ಕಡೆ ನಡೆದಳು. ಪಂದ್ಯದ ಮಾತನ್ನು ಅಜ್ಜಿ ಮರೆತಿರುತ್ತಾಳೆ, ಮರೆಯದಿದ್ದರೂ ನೆನಪಿಸುವುದು ಮರ್ಯಾದೆಯಲ್ಲ ಎಂದುಕೊಂಡಿದ್ದಳಂತೆ. ಅಡುಗೆಮನೆಯಲ್ಲಿ ಆಗಲೇ ಬೆಳಕಿತ್ತು. ಒಲೆ ಉರಿಯುತ್ತಿತ್ತು. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈಯಲ್ಲಿ ಸೌಟು ಹಿಡಿದು ಹೊಸ್ತಿಲಿಗೆ ಅಡ್ಡ ನಿಂತಳು.

“ಒಳಿಕ್ಕೆ ಬರಬೇಡ. ನಿಂಗೇನು ವೇಲೆ ಇಲ್ಲಿ? ಓಗಿ ಬರಿ.”

ಅಮ್ಮ ಅಲ್ಲೇ ನಿಂತು ಅತ್ತಳು. ಅಜ್ಜಿ ಅವಳು ಅಳುವುದನ್ನು ನೋಡದವಳಂತೆ ಹಿಂತಿರುಗಿ ಅಕ್ಕಿ ತೊಳೆದಳು. ಅಕ್ಕಿಗೆಂದು ಇನ್ನು ಯಾರೂ ಎಬ್ಬಿಸದಿರಲಿ ಎಂದು ಆ ದಿನವೇ ಅಪ್ಪ ಡ್ರಮ್ಮನ್ನು ಅಡುಗೆಮನೆಗೆ ಉರುಳಿಸಿ, ಮೋಟಾರು ಬಂದ ಪೆಟ್ಟಿಗೆಯ ಹಲಗೆಗಳಿಂದ ಅಮ್ಮನಿಗೆ ಒಂದು ಮೇಜು ಮಾಡಿಕೊಟ್ಟ. ಈಗ ಹುಡುಗಿಯರು ಫೋಟೋ ತೆಗೆಯುವ ಮೇಜು ಅದೇ. ಪಕ್ಕಕ್ಕೆ ಬಗ್ಗಿ ನೋಡಿದರೆ ಪಂಪಿನ ಕಂಪನಿಯ ಮಾಸಿದ ಅಕ್ಷರ ಇನ್ನೂ ಕಾಣುತ್ತದೆ. ಅಜ್ಜಿ ಗೆದ್ದಷ್ಟೇ ಜೋರಾಗಿ ಸೋತಳು. ಆ ಕಾದಂಬರಿ ಬಂದಾಗ ನಮ್ಮ ಸಂಬಂಧಿಕರ ಮನೆಗಳಿಗೆಲ್ಲ ತಾನೇ ಹೋಗಿ ಸುದ್ದಿ ಮುಟ್ಟಿಸಿದಳು. ಕುನ್ನತ್ತೂರಿನ ಸಂತೆಯಲ್ಲಿ ಯಾರೋ ಕೊಂದವರು ಯಾರು ಅಂತ ಕೇಳಿದರೆ, ನನಗೇ ಗೊತ್ತಾಗಲಿಲ್ಲ, ನಿನಗೆ ಯಾಕೆ ಹೇಳಲಿ, ವಾಂಗಿ ಓದು ಎಂದಳಂತೆ. ಬೆಳಿಗ್ಗೆ ಕಾಗೆಗೆ ಅನ್ನ ಇಡುವಾಗ ಮಾತ್ರ ಒಂದು ಹೊಸ ರೂಢಿ ಶುರುವಾಯಿತು. ಎಲೆಯನ್ನು ಎತ್ತಿಹಿಡಿದು ಮೊದಲು ನಮ್ಮೆಲ್ಲರಿಗೂ ತೋರಿಸುತ್ತಿದ್ದಳು. ಹೊಗೆ ನೋಡ್ಕೊಳ್ಳಿ ಎನ್ನುತ್ತಿದ್ದಳು. ನಾವು ನೋಡಿದೆವು ಎಂದ ಮೇಲೆಯೇ ಅದು ಗೋಡೆಗೆ ಹೋಗುತ್ತಿದ್ದುದು.

ನಾನು ವಕೀಲಳಾದೆ. ಕ್ರಿಮಿನಲ್ ಕೇಸುಗಳನ್ನೇ ಹಿಡಿದೆ. ನ್ಯಾಯಾಲಯದಲ್ಲಿ ನನ್ನ ಎದುರಾಳಿಗಳು ಕಾನೂನು ಪುಸ್ತಕ ತೆರೆಯುವ ಹೊತ್ತಿಗೆ ನಾನು ಸಾಕ್ಷಿಯನ್ನು ಆ ದಿನ ನಿಮಗೆ ಬಡಿಸಿದವರು ಯಾರು ಎಂದು ಕೇಳಿರುತ್ತಿದ್ದೆ. ಮೊದಮೊದಲು ನಗುತ್ತಿದ್ದರು, ಆಮೇಲೆ ನಿಲ್ಲಿಸಿದರು. ಇಷ್ಟವಾಗದವರನ್ನೆಲ್ಲ ಕೊಲೆಗಾರರೆಂದು ಕರೆಯುವ ನನ್ನ ಚಟವನ್ನು ಅಜ್ಜಿ ಬಿಡಿಸಿದ್ದಳು. ಎಲ್ಲರೂ ಕೈ ಮುಗಿಯುವ ಜಾಗದಲ್ಲಿ ಇಣುಕಿ ನೋಡುವ ಧೈರ್ಯವನ್ನು ಅಮ್ಮ ಕೊಟ್ಟಿದ್ದಳು. ಇಬ್ಬರ ನಡುವೆ ತಟ್ಟೆ ಇಟ್ಟುಕೊಂಡು ಕುಳಿತದ್ದೇ ನನ್ನ ಓದು. ವಕೀಲಿ ಬಿಟ್ಟ ಮೇಲೆ ಹಟ ಹಿಡಿದು ಕನ್ನಡದ ಅಕ್ಷರ ಕಲಿತೆ. ಮೊಮ್ಮಗುವಿನ ಜೊತೆ ಕೂತು ಅ ಆ ತಿದ್ದುವಾಗ ಮಗು ನನಗಿಂತ ಮುಂದೆ ಹೋಯಿತು. ಕಾದಂಬರಿಗಳು ಅಮ್ಮನ ಬಾಯಲ್ಲಿ ಹುಟ್ಟಿದ್ದು ಕನ್ನಡದಲ್ಲಿ. ತಮಿಳಿನ ಓದುಗರ ಕೈಗೆ ಸಿಕ್ಕಿದ್ದೇ ಅನುವಾದ ಎಂಬುದು ನನ್ನ ವಾದ. ಆ ಮೂಲವನ್ನು ಬರೆದಿಡುವ ಕೆಲಸಕ್ಕೆ ಕೂತೆ. ಈ ವರ್ಷ ಕಾಗೆಯ ಕಾದಂಬರಿ ಕನ್ನಡದಲ್ಲಿ ಬಂತು. ಮುದುಕಿ ನಮ್ಮ ಅಜ್ಜಿಯ ಹಾಗೆಯೇ ಮಾತಾಡುತ್ತಾಳೆ. ಬಿಡುಗಡೆಯ ಸಭೆಗೆ ಮೈಸೂರಿನಿಂದ ಬಂದ ಒಬ್ಬ ವಿಮರ್ಶಕರು, ಇಂಥ ಕನ್ನಡ ತಾವು ಎಲ್ಲೂ ಕೇಳಿಲ್ಲ ಎಂದರು. ಅಮ್ಮ ವೇದಿಕೆಯ ಮೇಲಿನಿಂದಲೇ, ನಮ್ಮ ಮನೆಗೆ ಊಟಕ್ಕೆ ಬನ್ನಿ ಎಂದಳು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ, ಕೈ ಕೆಂಪಾಗುವವರೆಗೆ.

ಮೊನ್ನೆ ಅಜ್ಜಿಯ ತಿಥಿ. ಅಮ್ಮನಿಗೆ ಈಗ ನಡೆಯಲು ಕೋಲು ಬೇಕು, ಆದರೂ ಅನ್ನ ಬಸಿದವಳು ಅವಳೇ. ಎಲೆಯ ಮೇಲೆ ಮೊದಲ ಹಿಡಿ ಇಟ್ಟುಕೊಂಡು ಹಿತ್ತಿಲಿಗೆ ಬಂದಳು. ಪಕ್ಕದಲ್ಲಿ ಹೊಸ ಪುಸ್ತಕದ ಪ್ರತಿಯನ್ನು ಹಿಡಿದು ನಾನು. ಮೋಟುಗೋಡೆ ಈಗ ನನ್ನ ಸೊಂಟಕ್ಕೂ ಬರುವುದಿಲ್ಲ. ಅಮ್ಮ ಎಲೆಯನ್ನು ಎತ್ತಿಹಿಡಿದು, ಹೊಗೆ ನೋಡ್ಕೊಳ್ಳೀಂಗ ಅತ್ತೆ ಎಂದು ಗಾಳಿಗೆ ಹೇಳಿ, ಗೋಡೆಯ ಮೇಲಿಟ್ಟು ಕೂಗಿದಳು. ಮೊದಲ ಕೂಗಿಗೆ ಏನೂ ಬರಲಿಲ್ಲ. ಆಮೇಲೆ ಎದುರು ಮನೆಯ ನೀರಿನ ತೊಟ್ಟಿಯ ಮೇಲಿಂದ ಒಂದು ಕಾಗೆ ಇಳಿದು ಬಂತು. ಅನ್ನದ ಪಕ್ಕ ಕುಳಿತು ಕತ್ತು ಓರೆ ಮಾಡಿ ನೋಡಿತು. ಅತ್ತ ಕುಪ್ಪಳಿಸಿತು, ಇತ್ತ ಕುಪ್ಪಳಿಸಿತು, ತಿನ್ನಲಿಲ್ಲ. ನನಗೆ ಒಂದು ಗಳಿಗೆ ಮನಸ್ಸು ಕಳವಳಗೊಂಡಿತು. ಅಮ್ಮ ನನ್ನ ಕೈ ಅದುಮಿದಳು. ಅವಳ ಮುಖದಲ್ಲಿ ಪಂದ್ಯ ಗೆದ್ದ ಆ ಸಂಜೆಯ ನಗುವಿತ್ತು.

“ನೋಡು ಅಮ್ಮಣಿ, ಕಾಯ್ತಾವ್ರೆ,” ಎಂದಳು. “ಸುಡ್ತೈತಲ್ಲ.”

ಆರಿದ ಮೇಲೆ ಕಾಗೆ ತಿಂದು ಹೋಯಿತು. ನಾವು ಒಳಗೆ ಬಂದು ಊಟಕ್ಕೆ ಕುಳಿತೆವು. ಅಮ್ಮ ಬಡಿಸುತ್ತಾ ಒಂದು ಹೊಸ ಕತೆ ಶುರುಮಾಡಿದಳು.